ವಂಡರ್ಲಿಕ್ ಅಥವಾ ಎಸ್2: ಕ್ವಾರ್ಟರ್‌ಬ್ಯಾಕ್ ಆಯ್ಕೆಗೆ ಯಾವ ಪರೀಕ್ಷೆ?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡೆಸೆದು ತಂಡದ ದಾಳಿ ನಡೆಸುವವನು ಕ್ವಾರ್ಟರ್‌ಬ್ಯಾಕ್. ಅವನ ಬುದ್ಧಿ ಅಳೆಯುವ ಎರಡು ಪರೀಕ್ಷೆಗಳ ಹೋಲಿಕೆ ಇದು. ವಂಡರ್ಲಿಕ್ ಎಂದರೆ 12 ನಿಮಿಷ, 50 ಪ್ರಶ್ನೆ: ಪದಗಳ ಅರ್ಥ, ಲೆಕ್ಕ, ತರ್ಕ. ಬೇಗ ಮುಗಿಯುತ್ತದೆ, ಹೋಲಿಸಲು ದಶಕಗಳ ಅಂಕಗಳಿವೆ. ಆದರೆ ಅದು ಅಳೆಯುವುದು ಹೆಚ್ಚಾಗಿ ಶಾಲೆಯ ಓದನ್ನು. ಬಡ ಶಾಲೆಗಳಿಂದ ಬಂದ ಹುಡುಗರಿಗೆ ಇದು ಅನ್ಯಾಯವೆಂದೇ ನನ್ನ ಭಾವನೆ. ಪೂರ್ತಿ 50 ಅಂಕ ಗಳಿಸಿದ ಪ್ಯಾಟ್ ಮೆಕಿನಲಿ ಹೆಸರಾದದ್ದು ಪಂಟರ್ ಆಗಿ, ಅಂದರೆ ಚೆಂಡನ್ನು ದೂರಕ್ಕೆ ಒದೆಯುವವನಾಗಿ. ಸುಮಾರು 15 ಗಳಿಸಿದರೆಂದು ವರದಿಯಾದ ಕ್ವಾರ್ಟರ್‌ಬ್ಯಾಕ್ ಡ್ಯಾನ್ ಮರಿನೊ ಶ್ರೇಷ್ಠ ಆಟಗಾರರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ 2022ರಲ್ಲಿ ತನ್ನ ಕಂಬೈನ್‌ನಿಂದ (ಹೊಸ ಆಟಗಾರರನ್ನು ಪರೀಕ್ಷಿಸುವ ಶಿಬಿರ) ಈ ಪರೀಕ್ಷೆಯನ್ನು ಕೈಬಿಟ್ಟಿತು.

ಎಸ್2 ನಡೆಯುವುದು ಕಂಪ್ಯೂಟರಿನಲ್ಲಿ. ಪರದೆಯಲ್ಲಿ ಮಿಂಚಿ ಮಾಯವಾಗುವ ಆಕೃತಿಗಳಿಗೆ ಆಟಗಾರನ ಸ್ಪಂದನೆಯನ್ನು ಮಿಲಿಸೆಕೆಂಡುಗಳಲ್ಲಿ ಅಳೆಯುತ್ತದೆ. ಮೈದಾನಕ್ಕೆ ಇದೇ ಹತ್ತಿರ. ಆದರೂ 2023ರಲ್ಲಿ ಕಡಿಮೆ ಅಂಕದ ಸುದ್ದಿಗೆ ಗುರಿಯಾದ ಕ್ವಾರ್ಟರ್‌ಬ್ಯಾಕ್ ಸಿ.ಜೆ. ಸ್ಟ್ರೌಡ್ ಮೊದಲ ಋತುವಿನಲ್ಲೇ ಹೊಸಬರ ಪ್ರಶಸ್ತಿ ಗೆದ್ದರು. ಒಂದನ್ನೇ ಆರಿಸಬೇಕಾದರೆ ಎಸ್2 ಆರಿಸಿ. ಅದೂ ಆಟದ ವಿಡಿಯೊಗಳನ್ನು ನೋಡಿದ ಮೇಲೆ.