ಅಂಗಡೀಲಿ ಬೆವರು ಬಂತು ಅಂತ ಜಾಕೆಟ್ ತಗೋಬೇಡಿ, ಹಾಸನದಿಂದ ಕಾಶ್ಮೀರಕ್ಕೆ ಹೊರಟಿರೋರು ದಯವಿಟ್ಟು ಓದಿ

ಬರೀಬೇಕೋ ಬೇಡ್ವೋ ಅಂತ ಹತ್ತು ದಿನ ಸುಮ್ನಿದ್ದೆ. ನಮ್ಮನೆಯವ್ರು, ಹೋಗಿದ್ದು ಹೋಯ್ತು ಬಿಡು, ಒಂದೇ ಊರಲ್ಲಿ ದಿನಾ ಆ ಅಂಗಡಿಯವ್ರ ಮುಖ ನೋಡ್ಬೇಕು ಅಂದ್ರು. ಆದ್ರೆ ನಿನ್ನೆ ಮಗಳನ್ನ ಕರ್ಕೊಂಡ್ ಬರೋಕೆ ಸ್ಕೂಲ್ ಹತ್ರ ನಿಂತಿದ್ದಾಗ ಇನ್ನೊಬ್ರು ನಾವು ಜಾಕೆಟ್ ತಗೊಂಡು ಮೋಸ ಹೋದ ಅದೇ ಅಂಗಡಿ ಕವರ್ ಹಿಡ್ಕೊಂಡು, ಮುಂದಿನ ವಾರ ಗುಲ್ಮಾರ್ಗ್ ಕಣ್ರೀ, ಎಲ್ಲಾ ಮೈನಸ್ ಇಪ್ಪತ್ತು ಡಿಗ್ರಿ ಚಳಿ ತಡೆಯೋದೇ ತಗೊಂಡ್ವಿ ಅಂತ ಖುಷಿಯಾಗಿ ಹೇಳಿದ್ರು. ನನಗೆ ಹೊಟ್ಟೆ ಒಳಗೆ ಉರಿ ಹತ್ಕೊಳ್ತು. ಅದಕ್ಕೇ ಬರೀತಿದೀನಿ. ಅಂಗಡಿ ಹೆಸರು ಹಾಕಲ್ಲ, ಕೇಳ್ಬೇಡಿ.

ನಾವು ಐದು ಜನ. ನಾವಿಬ್ರು, ಆರನೇ ಕ್ಲಾಸ್ ಮಗಳು, ಐದು ವರ್ಷದ ಮಗ, ಅರವತ್ತೆಂಟು ವರ್ಷದ ಅತ್ತೆ. ಅತ್ತೆಯವ್ರಿಗೆ ಹಿಮ ನೋಡ್ಬೇಕು ಅಂತ ಎಷ್ಟೋ ವರ್ಷದ ಆಸೆ. ಜನವರಿ ಎರಡನೇ ವಾರಕ್ಕೆ ಟಿಕೆಟ್ ಆಗಿತ್ತು. ಅದು ಅಲ್ಲಿ ಚಿಲ್ಲಾಯ್ ಕಲಾನ್ ಅಂತಾರೆ, ಡಿಸೆಂಬರ್ 21ರಿಂದ ನಲವತ್ತು ದಿನ, ವರ್ಷದಲ್ಲೇ ಕಡು ಚಳಿ ಇರೋ ಕಾಲ. ಇದು ಗೊತ್ತಿದ್ದೇ ಹೊರಟಿದ್ದು, ಅದಕ್ಕೇ ಬಟ್ಟೆ ವಿಷಯದಲ್ಲಿ ಕಂಜೂಸು ಮಾಡೋದು ಬೇಡ ಅಂತ ತೀರ್ಮಾನ ಮಾಡಿದ್ದೂ ನಾನೇ. ಬೆಂಗಳೂರಲ್ಲಿ ತಗೊಳೋಣ ಅಂತ ನಮ್ಮನೆಯವ್ರು ಅಂದಿದ್ರು, ಬೇಡ, ಇಲ್ಲೇ ಹಾಸನದಲ್ಲಿ ಸಿಗುತ್ತೆ, ಸೈಜ್ ಹೆಚ್ಚುಕಡಿಮೆ ಆದ್ರೆ ಬದಲಾಯಿಸ್ಕೊಳ್ಬೋದು ಅಂದವಳೂ ನಾನೇ. ಇದನ್ನ ನೆನೆಸ್ಕೊಂಡ್ರೆ ಈಗ್ಲೂ ತಲೆ ತಗ್ಗುತ್ತೆ.

ಅಂಗಡಿಯವ್ರು ಚೆನ್ನಾಗೇ ಮಾತಾಡ್ಸಿದ್ರು, ಟೀ ತರ್ಸಿದ್ರು. ಕಾಶ್ಮೀರನಾ ಮೇಡಂ, ಹಾಗಾದ್ರೆ ಇದೇ ಬೇಕು, ಮೈನಸ್ ಇಪ್ಪತ್ತು ಗ್ಯಾರಂಟಿ ಅಂದ್ರು. ದೊಡ್ಡವ್ರ ಜಾಕೆಟ್ 3,200, ಮಕ್ಕಳದ್ದು 2,200, ಒಳಗೆ ಮೈಗೆ ಹಾಕೋ ಥರ್ಮಲ್ ಒಂದು ಜೊತೆಗೆ 900, ವಾಟರ್‌ಪ್ರೂಫ್ ಅಂತ ಹೇಳಿದ ಶೂ 1,400, ಟೋಪಿ ಗ್ಲೌಸ್ ಸಾಕ್ಸ್ ಸೇರಿ ಒಬ್ಬೊಬ್ರಿಗೆ 300. ಐದೂ ಜನಕ್ಕೆ 27,000 ಆಯ್ತು, ಚೌಕಾಸಿ ಮಾಡಿ 24,500ಕ್ಕೆ ಬಂತು. ಈಗ ಮುಖ್ಯವಾದ ವಿಷಯ. ನನಗೆ ಸ್ವಲ್ಪ ಅನುಮಾನ ಬಂದಿತ್ತು, ಜಾಕೆಟ್ ಇಷ್ಟು ತೆಳ್ಳಗಿದೆಯಲ್ಲ ಅಂದೆ. ಅದಕ್ಕೆ ಆ ಮನುಷ್ಯ ಫ್ಯಾನ್ ಆಫ್ ಮಾಡಿ, ನನಗೆ ಥರ್ಮಲ್ ಮೇಲೆ ಜಾಕೆಟ್ ಹಾಕಿಸಿ, ಜಿಪ್ ಕತ್ತಿನ ತನಕ ಎಳ್ಕೊಳಿ ಮೇಡಂ, ಐದೇ ನಿಮಿಷ ನಿಲ್ಲಿ ಅಂದ್ರು. ನಿಂತೆ. ಬೆನ್ನಲ್ಲೆಲ್ಲ ಬೆವರು. ನೋಡಿದ್ರಾ ಮೇಡಂ, ಇಲ್ಲೇ ಹಿಂಗೆ ಬೆವರ್ತಿದೀರ, ಅಲ್ಲಿ ಚಳಿ ಎಲ್ಲಿಂದ ಬರುತ್ತೆ ಅಂದ್ರು. ನಂಬಿದೆ ಕಣ್ರೀ. ಐದೂ ಪ್ಯಾಕ್ ಮಾಡಿ ಅಂದೆ.

ಮಧ್ಯಾಹ್ನ ಹನ್ನೆರಡಕ್ಕೆ ನಮ್ಮೂರಲ್ಲಿ ಪ್ಲಾಸ್ಟಿಕ್ ಚೀಲ ಸುತ್ಕೊಂಡ್ರೂ ಬೆವರುತ್ತೆ. ಇದು ನನಗೆ ಆಗ ಹೊಳೀಲಿಲ್ಲ. ಬೆವರು ಬಂತು ಅಂದ್ರೆ ಆ ಬಟ್ಟೆಲಿ ಗಾಳಿ ಆಡಲ್ಲ ಅಂತ, ಅದು ಚಳಿ ತಡೆಯುತ್ತೆ ಅಂತ ಅಲ್ಲ. ಎರಡೂ ಬೇರೆ ಬೇರೆ.

ಶ್ರೀನಗರದಲ್ಲಿ ಹೆಂಗೋ ಆಯ್ತು, ಹೌಸ್‌ಬೋಟ್‌ಲಿ ಎಲೆಕ್ಟ್ರಿಕ್ ಬ್ಲಾಂಕೆಟ್ ಇತ್ತು, ಹೊರಗೆ ಜಾಸ್ತಿ ಹೊತ್ತು ಇರ್ಲಿಲ್ಲ. ಮೂರನೇ ದಿನ ಗುಲ್ಮಾರ್ಗ್. ತಂಗ್‌ಮಾರ್ಗ್‌ಲಿ ಗಾಡಿ ಬದಲಾಯಿಸ್ಬೇಕು, ಅಲ್ಲಿಂದ ಮೇಲೆ ಹಿಮ ಬಿದ್ದಾಗ ಚಕ್ರಕ್ಕೆ ಚೈನ್ ಹಾಕಿದ ಗಾಡಿಗಳೇ ಹೋಗೋದು. ಅಲ್ಲಿ ಸಾಲಾಗಿ ಅಂಗಡಿಗಳು, ಉದ್ದ ಕೋಟು, ಗಮ್‌ಬೂಟು ಬಾಡಿಗೆಗೆ. ಡ್ರೈವರ್ ಪಾಪ ಎರಡು ಸಲ ಹೇಳಿದ, ಬೂಟಾದ್ರೂ ತಗೊಳಿ, ಅಮ್ಮಂಗೆ ಕೋಟು ತಗೊಳಿ ಅಂತ. ಕಮಿಷನ್ ಆಸೆಗೆ ಹೇಳ್ತಿದಾನೆ ಅನ್ಕೊಂಡು, ನಮ್ಮ ಹತ್ರ ಮೈನಸ್ ಇಪ್ಪತ್ತರ ಜಾಕೆಟ್ ಇದೆ ಅಂತ ಜಂಬದಿಂದ ಹೇಳಿದೆ. ಅವನು ನಮ್ಮ ಜಾಕೆಟ್ ತೋಳನ್ನ ಎರಡು ಬೆರಳಲ್ಲಿ ಹಿಡಿದು ನೋಡಿದ, ಮತ್ತೆ ಏನೂ ಹೇಳ್ಲಿಲ್ಲ. ಆ ನೋಟ ನಾನು ಮರೆಯಲ್ಲ.

ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿನೇ 1,930, ಅಲ್ಲಿ ಬೆಳಗಿನ ಗಾಳಿಗೇ ನಾವು ನಡುಗ್ತೀವಿ. ಇಲ್ಲಿ ಗಾಡಿ ಇಳಿದು ಹಿಮದಲ್ಲಿ ನಡೆಯೋಕೆ ಶುರು ಮಾಡಿದ್ವಿ, ಮಕ್ಕಳು ಓಡಿದ್ರು, ಬಿದ್ರು, ಆಡಿದ್ರು. ಹತ್ತು ನಿಮಿಷಕ್ಕೆ ಒಳಗೆ ಬೆವರು. ಥರ್ಮಲ್ ಅಂತ ಕೊಟ್ಟಿದ್ದು ಕಾಟನ್, ಬೆವರೆಲ್ಲ ಹೀರ್ಕೊಂಡು ಮೈಗೆ ಅಂಟ್ಕೊಳ್ತು. ನಿಂತ ತಕ್ಷಣ ಅದೇ ಒದ್ದೆ ತಣ್ಣಗಾಗಿ, ಬೆನ್ನಿಗೆ ಯಾರೋ ಐಸ್ ಇಟ್ಟ ಹಂಗೆ. ಗಾಳಿ ಜಾಕೆಟ್ ಹೊಲಿಗೆ ಹೊಲಿಗೆಯಿಂದ ಒಳಗೆ ಬರ್ತಿತ್ತು. ಮಗನ ಗ್ಲೌಸ್ ಹಿಮ ಮುಟ್ಟಿದ ಕೂಡ್ಲೇ ನೆನೆದು, ಅಮ್ಮ ಕೈ ಕಾಣ್ತಿಲ್ಲ ಅಂತ ಅತ್ತ. ಕೈ ಕಾಣ್ತಿಲ್ಲ ಅಂದ್ರೆ ಮರಗಟ್ಟಿದೆ ಅಂತ ಅವನ ಭಾಷೆ. ನಮ್ಮನೆಯವ್ರು ಅವನ ಎರಡೂ ಕೈನ ತಮ್ಮ ಕಂಕುಳಲ್ಲಿ ಇಟ್ಕೊಂಡು ನಿಂತ್ರು.

ಅತ್ತೆ ಬಗ್ಗೆ ಬರೆಯೋಕೇ ಕಷ್ಟ. ಅವ್ರು ಸೀರೆ ಬಿಟ್ಟು ಬೇರೆ ಉಟ್ಟೋರಲ್ಲ. ಅಂಗಡಿಯವ್ರು, ಅಜ್ಜಿಗೆ ಸೀರೆ ಒಳಗೆ ಥರ್ಮಲ್ ಹಾಕಿ, ಮೇಲೆ ಜಾಕೆಟ್, ಸಾಕು ಅಂದಿದ್ರು. ಸೀರೆ ಅಂಚು, ಲಂಗದ ಅಂಚು ಹಿಮದಲ್ಲಿ ನೆನೆದು ನೀರು ಮೇಲಕ್ಕೆ ಏರ್ತಾ ಬಂತು. ವಾಟರ್‌ಪ್ರೂಫ್ ಶೂ ಅರ್ಧ ಗಂಟೆಲಿ ಒದ್ದೆ. ಚಳಿ ತಡೀಲಿ ಅಂತ ನಾನೇ ಎರಡೆರಡು ಜೊತೆ ಸಾಕ್ಸ್ ಹಾಕ್ಸಿದ್ದೆ, ಶೂ ಬಿಗಿಯಾಗಿ ರಕ್ತ ಓಡಾಡದೆ ಬೆರಳು ಇನ್ನೂ ತಣ್ಣಗಾಯ್ತಂತೆ. ಅವ್ರು ಒಂದು ಮಾತೂ ಅನ್ಲಿಲ್ಲ, ಬೈಲಿಲ್ಲ, ನಾನು ರೂಮಲ್ಲೇ ಇರ್ತೀನಿ ಕಣಮ್ಮ, ನೀವು ಕೇಬಲ್ ಕಾರ್ ನೋಡ್ಕೊಂಡ್ ಬನ್ನಿ ಅಂದ್ರು. ಹಿಮ ನೋಡ್ಬೇಕು ಅಂತ ಬಂದವ್ರು. ರೂಮಲ್ಲಿ ನಾನು ಬಕೆಟ್‌ಗೆ ಬಿಸಿನೀರು ಬಿಟ್ಟು ಕಾಲಿಡ್ಸೋಕೆ ಹೋದ್ರೆ ಹೋಟೆಲ್ ಹುಡುಗ ಓಡಿ ಬಂದು ತಡೆದ. ಮರಗಟ್ಟಿದ ಕಾಲಿಗೆ ಬಿಸಿ ಎಷ್ಟಿದೆ ಅಂತ ಗೊತ್ತಾಗಲ್ಲ, ಸುಟ್ಟುಹೋಗುತ್ತೆ, ಉಗುರುಬೆಚ್ಚಗಿನ ನೀರಲ್ಲಿ ನಿಧಾನ ಅಂದ. ಆ ಹುಡುಗ ಇರ್ಲಿಲ್ಲ ಅಂದಿದ್ರೆ ಏನಾಗ್ತಿತ್ತೋ.

ಮಾರನೇ ದಿನ ಅಲ್ಲೇ ಗಮ್‌ಬೂಟು, ಉದ್ದ ಕೋಟು ಐದೂ ಜನಕ್ಕೆ ಬಾಡಿಗೆಗೆ ತಗೊಂಡ್ವಿ, ಕೇಳಿದಷ್ಟು ಕೊಟ್ವಿ, ಚೌಕಾಸಿ ಮಾಡೋ ಸ್ಥಿತೀಲಿ ಇರ್ಲಿಲ್ಲ. ಶ್ರೀನಗರಕ್ಕೆ ವಾಪಸ್ ಬಂದು ಅತ್ತೆಗೆ ಒಂದು ಉಲನ್ ಫಿರನ್ ತಗೊಂಡ್ವಿ, ಸೀರೆ ಮೇಲೇ ಹಾಕ್ಕೊಂಡ್ರು, ಮೊಣಕಾಲು ದಾಟಿ ಬರುತ್ತೆ, ಒಳಗೆ ಕಾಂಗ್ಡಿ ಅಂದ್ರೆ ಕೆಂಡ ತುಂಬಿದ ಪುಟ್ಟ ಮಡಕೆ ಹಿಡ್ಕೊಂಡು ಕೂತಾಗ ಮೊದಲ ಸಲ ನಕ್ರು.

ಅಲ್ಲಿಂದಲೇ ಅಂಗಡಿಯವ್ರಿಗೆ ವಾಟ್ಸಾಪ್ ಮಾಡಿದ್ದೆ, ಒದ್ದೆ ಶೂ ಫೋಟೋ ಸಮೇತ. ಬಂದ ಉತ್ತರಗಳು ಇವು. ಮೊದಲು, ಚಳಿ ಅನ್ನೋದು ಅವರವರ ಬಾಡಿ ಹೀಟ್ ಮೇಲೆ ಡಿಪೆಂಡ್ ಮೇಡಂ. ಆಮೇಲೆ, ನಮ್ಮ ಹತ್ರ ತಗೊಂಡ ಯಾರೂ ಹಿಂಗೆ ಹೇಳಿಲ್ಲ. ಶೂ ಕೇಳಿದ್ದಕ್ಕೆ, ವಾಟರ್‌ಪ್ರೂಫ್ ಅಂದ್ರೆ ಮಳೆಗೆ, ಹಿಮಕ್ಕಲ್ಲ. ಹಾಗಾದ್ರೆ ಮೈನಸ್ ಇಪ್ಪತ್ತು ಗ್ಯಾರಂಟಿ ಅಂದಿದ್ರಲ್ಲ ಅಂದೆ. ಅದಕ್ಕೆ ಏನಂದ್ರು ಗೊತ್ತಾ? ಮೈನಸ್ ಇಪ್ಪತ್ತು ಅಂದ್ರೆ ಜಾಕೆಟ್ ಏನೂ ಆಗಲ್ಲ ಅಂತ ಮೇಡಂ, ಬಟ್ಟೆ ತಡ್ಕೊಳುತ್ತೆ. ಬಟ್ಟೆ ತಡ್ಕೊಳುತ್ತಂತೆ! ನನ್ನ ಐದು ವರ್ಷದ ಮಗು ತಡ್ಕೊಳ್ದೇ ಇದ್ರೂ ಬಟ್ಟೆ ತಡ್ಕೊಳುತ್ತೆ. ಆ ಮೆಸೇಜ್ ಎಷ್ಟು ಸಲ ಓದಿದೀನೋ, ಪ್ರತಿ ಸಲ ಕೈ ನಡುಗುತ್ತೆ.

ಊರಿಗೆ ಬಂದು ನೇರ ಹೋಗಿ ಕೇಳಿದ್ವಿ. ಯೂಸ್ ಮಾಡಿದ್ದು ರಿಟರ್ನ್ ಇಲ್ಲ ಅಂದ್ರು. ಬಿಲ್ ತೋರ್ಸಿ ಅಂದ್ರು. ಬಿಲ್ ಅಂತ ಕೊಟ್ಟಿದ್ದು ಎಸ್ಟಿಮೇಟ್ ಚೀಟಿ, ಅಂಗಡಿ ಹೆಸರಿಲ್ಲ, ಜಿಎಸ್‌ಟಿ ನಂಬರ್ ಇಲ್ಲ, ರೆಡಿಮೇಡ್ ಐಟಂ ಅಂತ ಒಂದೇ ಸಾಲು. ಗ್ಯಾರಂಟಿ ಮಾತು ಎಲ್ಲೂ ಬರ್ದಿಲ್ಲ. ಫೋನ್‌ಪೇ ಮಾಡಿದ್ದು ಮಾತ್ರ ಇದೆ. ಅದನ್ನೂ ಆ ಮೆಸೇಜ್‌ಗಳನ್ನೂ ಇಟ್ಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡ್ತಿದೀನಿ, ನಮ್ಮನೆಯವ್ರು ಏನಾದ್ರೂ ಅನ್ಲಿ.

ಹೋಗೋರು ಇಷ್ಟು ನೋಡ್ಕೊಳಿ. ಮೈಗೆ ಅಂಟೋದು ಕಾಟನ್ ಬೇಡ, ಲೇಬಲ್ ತಿರುಗ್ಸಿ ಓದಿ, ಉಣ್ಣೆ ಇಲ್ಲ ಪಾಲಿಯೆಸ್ಟರ್ ಥರ್ಮಲ್ ಇರ್ಲಿ. ಅದರ ಮೇಲೆ ಸ್ವೆಟರ್ ಅಥ್ವಾ ಫ್ಲೀಸ್, ಅದರ ಮೇಲೆ ಗಾಳಿ ನೀರು ತಡೆಯೋ ಜಾಕೆಟ್, ಬೆವರೋಕೆ ಮುಂಚೆ ಒಂದು ಪದರ ತೆಗೀಬೇಕು. ಒಂದು ಜೊತೆ ದಪ್ಪ ಉಣ್ಣೆ ಸಾಕ್ಸ್, ಅದು ಹಾಕ್ಕೊಂಡೂ ಬೆರಳು ಆಡೋಷ್ಟು ದೊಡ್ಡ ಶೂ. ಮಕ್ಕಳಿಗೆ ಐದು ಬೆರಳಿನ ಗ್ಲೌಸಿಗಿಂತ ಬೆರಳೆಲ್ಲ ಒಟ್ಟಿಗೆ ಇರೋದು ಬೆಚ್ಚಗಿರುತ್ತೆ, ಎರಡು ಜೊತೆ ಇಟ್ಕೊಳಿ. ಕೋಟು, ಬೂಟು ತಂಗ್‌ಮಾರ್ಗ್‌ಲಿ ಬಾಡಿಗೆಗೆ ಸಿಗುತ್ತೆ, ಡ್ರೈವರ್ ಮಾತು ಕೇಳಿ. ಅಂಗಡೀಲಿ ಜಿಎಸ್‌ಟಿ ಬಿಲ್ ಇಲ್ಲ ಅಂದ್ರೆ ಎದ್ದು ಬನ್ನಿ.

ಅತ್ತೆ ಕಾಲ್ಬೆರಳು ಊದಿ ಕೆಂಪಾಗಿ ತುರಿಕೆ ಆಗಿತ್ತು, ಇಲ್ಲಿ ಡಾಕ್ಟರ್‌ಗೆ ತೋರಿಸಿದ್ವಿ, ಚಳಿಗೆ ಆಗಿರೋದು, ಇಳಿಯುತ್ತೆ ಅಂದಿದಾರೆ. ಫಿರನ್ ಇಸ್ತ್ರಿ ಮಾಡಿ ಬೀರುಲಿ ಇಟ್ಟಿದಾರೆ, ಇನ್ನೊಂದ್ಸಲ ಹೋಗೋಣ್ವಾ ಅಂತ ಮೊನ್ನೆ ಕೇಳಿದ್ರು. ಸ್ಕೂಲ್ ಹತ್ರ ಸಿಕ್ಕಿದವ್ರಿಗೆ ಇವತ್ತು ಫೋನ್ ಮಾಡಿ ಎಲ್ಲಾ ಹೇಳಿದೀನಿ, ನಾಳೆ ಆ ಕವರ್ ವಾಪಸ್ ಕೊಡೋಕೆ ನಾನೂ ಅವ್ರ ಜೊತೆ ಹೋಗ್ತಿದೀನಿ.