10 ಮೀಟರ್ ಏರ್ ಪಿಸ್ತೂಲಿಗೆ ಕೈಪಂಪು: ನಾಲ್ಕು ವರ್ಷ, ಎರಡು ಸೀಲ್ ಕಿಟ್

ಬಳಸಿದ್ದು: ಮೂರು ಸ್ಟೇಜಿನ ಸ್ಟೀಲ್ ಕೈಪಂಪು, ಅದರಿಂದ ಗಾಳಿ ತುಂಬುವ 200 ಬಾರ್ (ಬಾರ್ ಎಂದರೆ ಒತ್ತಡದ ಅಳತೆ) ಸಿಲಿಂಡರಿನ 4.5 ಮಿ.ಮೀ. ಮ್ಯಾಚ್ ಪಿಸ್ತೂಲು, ಅಂದರೆ ಸ್ಪರ್ಧೆಯದು. ವಾರಕ್ಕೆ ಸುಮಾರು 300 ಪೆಲೆಟ್ (ಸೀಸದ ಪುಟ್ಟ ಗುಂಡು). ಜಾಗ: ಬೆಂಗಳೂರು, ಮೂರನೇ ಮಹಡಿ. ಅಂಕ: ಐದಕ್ಕೆ ಮೂರೂವರೆ. ಅರ್ಧ ಅಂಕ ಕಳೆದದ್ದು ಪಂಪಿನ ಜೊತೆ ಬಂದ ಕೈಪಿಡಿಗೆ, ಇನ್ನೊಂದು ಅಂಕ ಅದರ ಬ್ಲೀಡ್ ಸ್ಕ್ರೂಗೆ (ಪಂಪಿನೊಳಗಿನ ಗಾಳಿ ಹೊರಬಿಡುವ ತಿರುಪು).

ಮೊದಲೇ ಒಂದು ಮಾತು. ಅಮೆರಿಕದ ವಿಡಿಯೊಗಳಲ್ಲಿ ಗ್ಯಾರೇಜಿನಲ್ಲಿ ಕೂತು ಕಾರ್ಟ್ರಿಜ್ ರೀಲೋಡ್ ಮಾಡುವುದನ್ನು, ಅಂದರೆ ಖಾಲಿ ತೋಟಾಗೆ ಮತ್ತೆ ಮದ್ದು ತುಂಬುವುದನ್ನು ನೋಡಿ ಇಲ್ಲೂ ಮಾಡಬಹುದೇ ಎಂದು ಕೇಳುವವರಿದ್ದಾರೆ. 1959ರ ಆಯುಧ ಕಾಯ್ದೆಯ ಪ್ರಕಾರ ಮದ್ದುಗುಂಡು ತಯಾರಿಕೆಗೆ ಲೈಸೆನ್ಸ್ ಬೇಕು, ಮನೆಯಲ್ಲಿ ಹವ್ಯಾಸಕ್ಕೆಂದು ಮಾಡುವ ಕೆಲಸ ಅದಲ್ಲ. ಮ್ಯಾಚ್ ಏರ್ ಪಿಸ್ತೂಲಿನ ಕಥೆ ಬೇರೆ: 0.49 ಗ್ರಾಂ ಪೆಲೆಟ್ ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಹೋದರೆ ಶಕ್ತಿ ಐದೂವರೆ ಜೂಲ್. ಇಲ್ಲಿ ನಾವು ಮನೆಯಲ್ಲಿ ‘ಲೋಡ್’ ಮಾಡುವುದು ಗಾಳಿಯನ್ನು ಮಾತ್ರ. ಆ ಗಾಳಿಯೇ ಮುಕ್ಕಾಲು ಪಾಲು ತೊಂದರೆಗೆ ಮೂಲ.

ಕೈಪಿಡಿ ಹೇಳಿದ ಸ್ಟ್ರೋಕ್ ಲೆಕ್ಕ ಇಲ್ಲಿ ಹೊಂದುವುದಿಲ್ಲ, ಅದಕ್ಕೆ ಪಂಪನ್ನು ಬೈಯಬೇಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿಯ ಗಾಳಿ ಹತ್ತು ಪರ್ಸೆಂಟಿನಷ್ಟು ತೆಳು, ಹಾಗಾಗಿ ಒಂದೊಂದು ಸ್ಟ್ರೋಕಿಗೂ ಅಷ್ಟು ಕಡಿಮೆ ಗಾಳಿ ಸಿಗುತ್ತದೆ. 100 ಸಿ.ಸಿ. ಸಿಲಿಂಡರನ್ನು 120ರಿಂದ 180 ಬಾರ್‌ಗೆ ಏರಿಸಲು ಈ ಪಂಪಿಗೆ 45 ಸ್ಟ್ರೋಕ್ ಬೇಕು. ಅಷ್ಟು ಗಾಳಿಯಲ್ಲಿ ಸುಮಾರು 75 ಪೆಲೆಟ್ ಹೊಡೆಯಬಹುದು, ಒಂದು ದಿನದ ಅಭ್ಯಾಸಕ್ಕೆ ಸಾಕು. 200ರ ತನಕ ಹೋಗುವ ಹಟ ಬೇಡ. ಕೊನೆಯ 20 ಬಾರ್ ಸೀಲಿನ ಆಯಸ್ಸನ್ನೂ ನಿಮ್ಮ ಸೊಂಟವನ್ನೂ ತಿನ್ನುತ್ತದೆ.

ಹೊಸಬರು ಗಾಬರಿಯಾಗುವುದು ಇಲ್ಲಿ: ಮೊದಲ ಕೆಲವೇ ಸ್ಟ್ರೋಕಿಗೆ ಪಂಪಿನ ಮುಳ್ಳು ಸರ್ರನೆ 120ಕ್ಕೆ ಏರಿ, ಆಮೇಲೆ ಆಮೆಯ ಹಾಗೆ ತೆವಳುತ್ತದೆ. ಅದು ಕೆಟ್ಟಿದ್ದಲ್ಲ. ಮೊದಲು ತುಂಬಿದ್ದು ಬರೀ ಹೋಸು. ಹೋಸಿನ ಒತ್ತಡ ಸಿಲಿಂಡರಿನ ಒಳಗಿನದನ್ನು ಮೀರಿದ ಮೇಲೆಯೇ ವಾಲ್ವ್ ತೆರೆಯುತ್ತದೆ.

ಇನ್ನು ನೀರು. ಮಳೆಗಾಲದಲ್ಲಿ 25 ಡಿಗ್ರಿ, 80 ಪರ್ಸೆಂಟ್ ತೇವ ಇದ್ದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 18 ಗ್ರಾಂ ನೀರಿರುತ್ತದೆ. ಮೇಲೆ ಹೇಳಿದ ಒಂದು ಟಾಪ್-ಅಪ್‌ಗೆ ಆರು ಲೀಟರ್ ಗಾಳಿ ಅಂದರೆ 0.1 ಗ್ರಾಂ, ಎರಡು ಹನಿ. ವಾರಕ್ಕೆ ನಾಲ್ಕು ಸಲ ತುಂಬಿದರೆ ತಿಂಗಳಿಗೆ ಚಹಾ ಚಮಚದ ಮೂರನೇ ಒಂದು ಭಾಗ. ಅದು ಪಂಪಿನಲ್ಲೇ ಇಳಿಯಬೇಕು. ಇಲ್ಲದಿದ್ದರೆ ಸಿಲಿಂಡರಿಗೆ, ಅಲ್ಲಿಂದ ಪಿಸ್ತೂಲಿನ ಒತ್ತಡ ಹಿಡಿತದಲ್ಲಿಡುವ ರೆಗ್ಯುಲೇಟರಿಗೆ. ಆದ್ದರಿಂದ 20 ಸ್ಟ್ರೋಕ್ ಆದ ಮೇಲೆ ಒಮ್ಮೆ ಬ್ಲೀಡ್ ಸ್ಕ್ರೂ ಬಿಡಿಸಿ ಗಾಳಿ ಹೊರಬಿಡಿ, ಸಿಲಿಂಡರಿನ ಗಾಳಿಯನ್ನು ಅದರ ವಾಲ್ವ್ ಹಿಡಿದಿಟ್ಟುಕೊಳ್ಳುತ್ತದೆ. ಕೈಪಂಪಿನ ಜೊತೆ ಬರುವ ಪುಟ್ಟ ಸಿಲಿಕಾ ಜೆಲ್ ಡಬ್ಬಿಯನ್ನು ನೆಚ್ಚಬೇಡಿ. ಮಣಿಗಳು ಬಣ್ಣ ಬದಲಿಸಿದ ಮೇಲೂ ಅದನ್ನೇ ಇಟ್ಟುಕೊಂಡಿರುವವರೇ ಹೆಚ್ಚು.

ಬ್ಲೀಡ್ ಮಾಡುವಾಗ ರಂಧ್ರದಿಂದ ನಾಲ್ಕು ಬೆರಳು ದೂರದಲ್ಲಿ ಬಿಳಿ ಟಿಶ್ಯೂ ಹಿಡಿದು ನೋಡಿ. ಬರೀ ತೇವ ಬಂದರೆ ಸರಿ. ಮಜ್ಜಿಗೆಯಂತೆ ಬೆಳ್ಳಗೆ ಬಂದರೆ ನೀರು ಗ್ರೀಸಿನ ಜೊತೆ ಕಲೆತಿದೆ, ಬ್ಲೀಡ್ ಸಾಲುತ್ತಿಲ್ಲ. ಕಂದು ಬಣ್ಣ ತುಕ್ಕಿನದು. ಕರಿ ಚುಕ್ಕಿ ಕಂಡರೆ ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ) ಸವೆದು ಉದುರುತ್ತಿದೆ. ಈ ಪಂಪಿನ ಮೊದಲ ಸೀಲ್ ಕಿಟ್ (ಇಂಥ ಬಳೆಗಳ ಸೆಟ್) 14ನೇ ತಿಂಗಳಿಗೇ ಮುಗಿದದ್ದು ಆ ಕರಿ ಚುಕ್ಕಿಗಳೊಂದಿಗೆ. ಕಾರಣ ಬಿಸಿ: 45 ಸ್ಟ್ರೋಕನ್ನು ಒಂದೇ ಉಸಿರಿಗೆ ಹೊಡೆಯುವುದು. ಈಗ 20 ಹೊಡೆದು, ಬ್ಲೀಡ್ ಮಾಡಿ, ಹತ್ತು ನಿಮಿಷ ಬಿಟ್ಟು, ಮತ್ತೆ ಉಳಿದದ್ದು. ಮೇಲೆ ಒಂದು ಸೆಕೆಂಡ್, ಕೆಳಗೆ ಒಂದು ಸೆಕೆಂಡ್ ನಿಲ್ಲಿಸಿದರೆ ಒಂದು ಸ್ಟೇಜಿನಿಂದ ಇನ್ನೊಂದಕ್ಕೆ ಗಾಳಿ ಪೂರ್ತಿ ದಾಟುತ್ತದೆ. ಎರಡನೇ ಕಿಟ್ ಹಾಕಿ ಎರಡೂವರೆ ವರ್ಷ ದಾಟಿತು.

ಹ್ಯಾಂಡಲ್ ಕೆಳಗೆ ಒತ್ತಿ ಬಿಟ್ಟರೆ ತಾನಾಗಿಯೇ ಮೇಲೇಳುತ್ತಿದೆಯೇ? ಕೊನೆಯ ಸ್ಟೇಜಿನ ನಾನ್-ರಿಟರ್ನ್ ವಾಲ್ವ್ ಗಾಳಿ ಹಿಂದಕ್ಕೆ ಬಿಡುತ್ತಿದೆ, ಬಹುತೇಕ ಅಲ್ಲಿ ಕಸ ಕೂತಿರುತ್ತದೆ. ಹ್ಯಾಂಡಲ್ ಹಗುರಾಗಿ ಓಡುತ್ತಿದ್ದು ಮುಳ್ಳು ಏರದಿದ್ದರೆ ಪಂಪನ್ನು ಬಿಚ್ಚುವ ಮೊದಲು ಬ್ಲೀಡ್ ಸ್ಕ್ರೂ ನೋಡಿ, ಆಮೇಲೆ ಹೋಸಿನ ಕಪ್ಲಿಂಗ್, ಕೊನೆಗೆ ಪಿಸ್ಟನ್ ಓ-ರಿಂಗ್. ನಮ್ಮ ಪಂಪಿನ ಬ್ಲೀಡ್ ಸ್ಕ್ರೂ ತುದಿಯೇ ಮೆತ್ತಗಿನದು, ಸ್ಪ್ಯಾನರ್ ಹಾಕಿ ಬಿಗಿದರೆ ಸೀಟು ಹಾಳು. ಕೈಯಲ್ಲಿ ಬಿಗಿದಷ್ಟೇ ಸಾಕು. ಓ-ರಿಂಗ್ ಎಸ್.ಪಿ. ರೋಡ್ ಕಡೆ ಸಿಗುತ್ತವೆ, ಆದರೆ ಹಳೆಯದನ್ನು ಒಯ್ದು ಒಳವ್ಯಾಸ ಮತ್ತು ದಪ್ಪ ಎರಡನ್ನೂ ವರ್ನಿಯರ್‌ನಲ್ಲಿ ಅಳೆಸಿ. ಕಣ್ಣಳತೆಯಲ್ಲಿ ತಂದದ್ದು ಎರಡು ದಿನವೂ ಬಾಳುವುದಿಲ್ಲ. ಹಚ್ಚುವುದು ಸಿಲಿಕೋನ್ ಗ್ರೀಸ್ ಮಾತ್ರ, ಅದೂ ಬೆರಳಿಗೆ ಜಾರುವಷ್ಟು. ಹೊಲಿಗೆ ಮಷಿನ್ ಎಣ್ಣೆ, ಕೊಬ್ಬರಿ ಎಣ್ಣೆ, ಸ್ಪ್ರೇ ಎಣ್ಣೆ ಯಾವುದೂ ಬೇಡ: ಹೆಚ್ಚು ಒತ್ತಡದ ಬಿಸಿ ಗಾಳಿಯಲ್ಲಿ ಎಣ್ಣೆ ಹೊತ್ತಿಕೊಳ್ಳಬಹುದು.

ಸಿಲಿಂಡರ್ ಲೀಕ್ ಎಂದು ತೀರ್ಮಾನಿಸುವ ಮೊದಲು ಥರ್ಮಾಮೀಟರ್ ನೋಡಿ. ಆಗತಾನೆ ತುಂಬಿದ ಸಿಲಿಂಡರ್ 40 ಡಿಗ್ರಿ ಇದ್ದು 25ಕ್ಕೆ ತಣಿದರೆ 180 ಬಾರ್ ಇದ್ದದ್ದು 171 ಆಗುತ್ತದೆ. ಡಿಸೆಂಬರಿನ ಬೆಳಗಿನ ಜಾವ ಇನ್ನೂ ನಾಲ್ಕೈದು ಬಾರ್ ಇಳಿಯುತ್ತದೆ. ಅದಕ್ಕಿಂತ ಹೆಚ್ಚು ಇಳಿದರೆ ಸಿಲಿಂಡರ್ ಕಳಚಿ ಒಂದು ರಾತ್ರಿ ಇಡಿ. ಕಳಚಿದಾಗಲೂ ಇಳಿದರೆ ಸಿಲಿಂಡರಿನ ವಾಲ್ವ್, ಅದನ್ನು ಮನೆಯಲ್ಲಿ ಮುಟ್ಟಬೇಡಿ. ಪಿಸ್ತೂಲಿನಲ್ಲಿದ್ದಾಗ ಮಾತ್ರ ಇಳಿದರೆ ಕೂಡುವ ಜಾಗದ ಓ-ರಿಂಗ್. ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ನೀರಿಗೆ ಹಾಕಿ ಬ್ರಷ್‌ನಲ್ಲಿ ಹಚ್ಚಿದರೆ ಗುಳ್ಳೆ ತಾನೇ ತೋರಿಸುತ್ತದೆ. ಸಿಲಿಂಡರ್ ಮೇಲಿನ ದಿನಾಂಕವನ್ನೂ ಓದಿ, ತಯಾರಕರು ಸಾಮಾನ್ಯವಾಗಿ ಕೊಡುವ ಅವಧಿ 10 ವರ್ಷ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಹಿಡಿಯ ಮರ ನೋಡುತ್ತಾರೆ, ಇದನ್ನು ನೋಡುವುದಿಲ್ಲ.

ಗುರಿ ಕೆಳಗೆ ಬೀಳತೊಡಗಿದರೆ ಗುರಿ ನೋಡುವ ಸೈಟ್ ತಿರುಗಿಸುವ ಮೊದಲು ವೇಗ ಅಳೆಯುವ ಕ್ರೋನೋಗ್ರಾಫ್‌ನಲ್ಲಿ ಹತ್ತು ಹೊಡೆತ ಅಳೆಯಿರಿ. ವೇಗ 150ರಿಂದ 140ಕ್ಕೆ ಇಳಿದರೆ 10 ಮೀಟರಿನಲ್ಲಿ ಪೆಲೆಟ್ ಸುಮಾರು 3 ಮಿ.ಮೀ. ಕೆಳಗೆ ಬೀಳುತ್ತದೆ. ಹತ್ತರ ವೃತ್ತವೇ 11.5 ಮಿ.ಮೀ. ಅಗಲ, ಅಂದಮೇಲೆ 10.2 ಅಂಕ ಆಗಬೇಕಾದದ್ದು 9.8. ಒತ್ತಡ ಸರಿಯಿದ್ದೂ ವೇಗ ಏರುಪೇರಾದರೆ ಬ್ರೀಚ್ (ಬ್ಯಾರೆಲಿನ ಹಿಂದೆ ಪೆಲೆಟ್ ಹಾಕುವ ಜಾಗ) ಓ-ರಿಂಗ್ ಮೇಲೆ ಅನುಮಾನ. ಪೆಲೆಟ್ ಹಾಕಿ, ಹೊಡೆದದ್ದನ್ನು ಹಿಡಿಯುವ ಟ್ರ್ಯಾಪ್‌ಗೆ ಗುರಿಯಿಟ್ಟು, ಬ್ರೀಚ್ ಸಂದಿನ ಮೇಲೆ ಬೆರಳಗಲದ ಟಿಶ್ಯೂ ಚೂರು ಹಾಸಿ ಹೊಡೆಯಿರಿ. ಚೂರು ಹಾರಿದರೆ ಗಾಳಿ ಹಿಂದಕ್ಕೆ ಬರುತ್ತಿದೆ.

ಪೆಲೆಟ್ ಬ್ಯಾರೆಲಿನಲ್ಲೇ ಉಳಿದರೆ ಅದರ ಹಿಂದೆ ಇನ್ನೊಂದು ಹಾಕಿ ತಳ್ಳುವ ಸಾಹಸ ಬೇಡ. ಸಿಲಿಂಡರ್ ಕಳಚಿ, ಬ್ರೀಚ್ ತೆರೆದು, ಪ್ಲಾಸ್ಟಿಕ್ ಕೋಟಿಂಗ್ ಇರುವ ರಾಡಿನಿಂದ ಮೂತಿಯ ಕಡೆಯಿಂದ ಮೆಲ್ಲಗೆ ಹಿಂದಕ್ಕೆ ದೂಡಿ.

ಟ್ರಿಗರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಪರ್ಧೆಯ ನಿಯಮದಂತೆ ಎಳೆತದ ಭಾರ ಕನಿಷ್ಠ 500 ಗ್ರಾಂ, ನಮ್ಮದು 510ಕ್ಕೆ ಇದೆ, ಸ್ಕ್ರೂ ತಲೆಗೆ ಒಂದು ಚುಕ್ಕೆ ನೇಲ್ ಪಾಲಿಶ್ ಹಾಕಿದ ಮೇಲೆ ಅಲುಗಿಲ್ಲ.

30–40 ಸೈಟಿನ ಮನೆಯವರಿಗೆ: 30 ಅಡಿ ಅಂದರೆ 9.1 ಮೀಟರ್, 10 ಮೀಟರ್ ಆ ಕಡೆ ಸಿಗುವುದಿಲ್ಲ. 7 ಮೀಟರಿಗೆ ಟಾರ್ಗೆಟ್ಟನ್ನು 70 ಪರ್ಸೆಂಟಿಗೆ ಇಳಿಸಿ ಪ್ರಿಂಟ್ ಹಾಕಿಸಿದರೆ ಹತ್ತರ ವೃತ್ತ 8 ಮಿ.ಮೀ. ಆಗುತ್ತದೆ, ಕಣ್ಣಿಗೆ ಅಷ್ಟೇ ಕಾಣುತ್ತದೆ. ಟ್ರ್ಯಾಪ್ ಸುತ್ತಲಿನ ಸೀಸದ ಪುಡಿಯನ್ನು ಪೊರಕೆಯಲ್ಲಿ ಎಬ್ಬಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಕೈ ತೊಳೆದೇ ಕಾಫಿ ಲೋಟ ಮುಟ್ಟಿ.

ಮತ್ತೆ ಇದೇ ಪಂಪು ಕೊಳ್ಳುತ್ತೇವೆಯೇ? ವಾರಕ್ಕೆ 300ರ ತನಕ ಹೊಡೆಯುವುದಾದರೆ ಹೌದು, ಮೊದಲ ದಿನವೇ ಒಂದು ಸೀಲ್ ಕಿಟ್ ಹೆಚ್ಚಿಗೆ ತೆಗೆದುಕೊಂಡು. ಅದಕ್ಕಿಂತ ಹೆಚ್ಚಾದರೆ ಕ್ಲಬ್ಬಿನ ಸ್ಕೂಬಾ ಟ್ಯಾಂಕಿನಿಂದ ತುಂಬಿಸಿಕೊಳ್ಳುವುದೇ ಮೇಲು, ಗಾಳಿಯೂ ಒಣಗಿರುತ್ತದೆ.