ಚಿತ್ರದುರ್ಗದ ಗಾಳಿಯಲ್ಲಿ ಕ್ಲೇ ಶೂಟಿಂಗ್: ಒಂದು ಕ್ಲಬ್ಬಿನ ವಿಮರ್ಶೆ

ಚಿತ್ರದುರ್ಗದ ಹೊರವಲಯದಲ್ಲಿ, ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುವಷ್ಟು ದೂರದಲ್ಲಿ ಖಾಸಗಿ ಕ್ಲಬ್ಬೊಂದು ನಡೆಸುತ್ತಿರುವ ಕ್ಲೇ ಶೂಟಿಂಗ್ (ಯಂತ್ರ ಹಾರಿಸುವ ಬಿಲ್ಲೆಗಳನ್ನು ಗಾಳಿಯಲ್ಲೇ ಬಂದೂಕಿನಿಂದ ಒಡೆಯುವ ಆಟ) ಮೈದಾನದಲ್ಲಿ ಸೌಕರ್ಯಗಳು ಕಡಿಮೆ. ತಗಡಿನ ಚಪ್ಪರ, ಪ್ಲಾಸ್ಟಿಕ್ ಕುರ್ಚಿಗಳು, ಕುಡಿಯುವ ನೀರಿನ ಕ್ಯಾನು, ಅಷ್ಟೆ. ಆದರೆ ಆಟವನ್ನು ಅಣಿಗೊಳಿಸುವುದರಲ್ಲಿ ಅಲ್ಲಿನ ತರಬೇತುದಾರರು ತೋರುವ ಶ್ರದ್ಧೆಗಾಗಿಯೇ ಅಲ್ಲಿಗೆ ಹೋಗಬಹುದು ಎಂಬುದು ನನ್ನ ಅಭಿಪ್ರಾಯ.

ಬಿಲ್ಲೆ ಶೂಟರ್‌ನಿಂದ ದೂರಕ್ಕೆ ಹಾರಿಹೋಗುವ ಬಗೆಗೆ ಟ್ರ್ಯಾಪ್ ಎಂದು ಹೆಸರು; ಒಲಿಂಪಿಕ್ ಮಾದರಿಯ ಟ್ರ್ಯಾಪ್ ಆಟಕ್ಕೆ ಕಂದಕದೊಳಗೆ ಬಿಲ್ಲೆ ಹಾರಿಸುವ 15 ಯಂತ್ರಗಳು ಬೇಕು. ಇಲ್ಲಿರುವುದು ಬ್ಯಾಟರಿಯಿಂದ ನಡೆಯುವ, ಎಡಕ್ಕೂ ಬಲಕ್ಕೂ ತಾನೇ ತಿರುಗುವ ಒಂದೇ ಯಂತ್ರ. ಅದರಿಂದ 15 ಮೀಟರ್ ಹಿಂದೆ ಟೇಪು ಹಿಡಿದು ಅಳೆದು ಶೂಟರ್‌ಗಳು ನಿಲ್ಲುವ ಐದು ನಿಲ್ದಾಣಗಳನ್ನು ಗುರುತಿಸುತ್ತಾರೆ. ಯಾರೂ ಬಂದೂಕು ಮುಟ್ಟುವ ಮೊದಲು ಕೆಲವು ಬಿಲ್ಲೆಗಳನ್ನು ಬರಿದೇ ಹಾರಿಸಿ ನೋಡುವುದು ಈ ಊರಿನಲ್ಲಿ ಅತ್ಯಗತ್ಯವಾದ ಕೆಲಸ. ಏಕೆಂದರೆ 110 ಮಿಲಿಮೀಟರ್ ಅಗಲದ, 105 ಗ್ರಾಂ ತೂಕದ ಆ ಬಿಲ್ಲೆ ಎದುರುಗಾಳಿಗೆ ಸಿಕ್ಕರೆ ಎಣಿಸಿದ್ದಕ್ಕಿಂತ ಮೇಲೇರುತ್ತದೆ, ಬೆನ್ನಗಾಳಿಗೆ ಸಿಕ್ಕರೆ ನೆಲದತ್ತ ಕುಸಿಯುತ್ತದೆ. ಅದನ್ನು ನೋಡಿಕೊಂಡೇ ಯಂತ್ರದ ಕೋನವನ್ನೂ ಸ್ಪ್ರಿಂಗಿನ ಬಿಗಿಯನ್ನೂ ಸರಿಪಡಿಸುತ್ತಾರೆ. ಹೊಸಬರಿಗಾಗಿ ಯಂತ್ರದ ತಿರುಗಾಟವನ್ನೇ ನಿಲ್ಲಿಸಿ, ಬಿಲ್ಲೆ ನೇರವಾಗಿ ಮುಂದಕ್ಕೆ ಹೋಗುವಂತೆ ಮಾಡುತ್ತಾರೆ. ಮೊದಲ ಸುತ್ತಿನಲ್ಲೇ ಒಂದೆರಡಾದರೂ ಒಡೆಯುವ ಸಂತೋಷ ಸಿಗುವುದು ಈ ಜಾಣತನದಿಂದ.

ಬ್ಯಾಟರಿ ಆರಿಸಿದ ಮೇಲೂ ಯಂತ್ರದ ತೋಳಿನಲ್ಲಿ ಬಿಗಿ ಉಳಿದಿರುತ್ತದೆ, ಅದು ಕೈಮೂಳೆ ಮುರಿಯಬಲ್ಲದು. ಆದ್ದರಿಂದ ತೋಳನ್ನು ಸಡಿಲಿಸಿ, ಎಲ್ಲರ ಬಂದೂಕುಗಳೂ ಖಾಲಿಯಾಗಿ, ನಳಿಗೆ ಬಾಗಿ ತೆರೆದುಕೊಂಡಿರುವುದನ್ನು ಕಣ್ಣಾರೆ ಕಂಡ ಮೇಲಷ್ಟೇ ಬಿಲ್ಲೆ ತುಂಬಲು ಒಬ್ಬರು ಮುಂದೆ ಹೋಗುತ್ತಾರೆ. ಕಿವಿಯ ರಕ್ಷೆ, ಕನ್ನಡಕ ಇಲ್ಲದವರನ್ನು ಸಾಲಿನ ಹತ್ತಿರವೂ ಬಿಡುವುದಿಲ್ಲ. ನೋಡಲು ಬಂದ ಹಿರಿಯರೊಬ್ಬರಿಗೂ, "ಯಜಮಾನರೇ, ತಪ್ಪು ತಿಳೀಬೇಡಿ, ಇದನ್ನ ಹಾಕ್ಕೊಳ್ಳಲೇಬೇಕು" ಎಂದು ವಿನಯದಿಂದಲೇ ಹಟ ಹಿಡಿದರು.

ಬಂದೂಕಿನ ವಿಷಯದಲ್ಲಿ ಇಷ್ಟು ಮೆಚ್ಚುಗೆ ಸಾಧ್ಯವಿಲ್ಲ. ಬಾಡಿಗೆಗೆ ಕೊಡುವ 12 ಬೋರಿನ ಜೋಡು ನಳಿಗೆ ಬಂದೂಕುಗಳ ಹಿಡಿ ಒಂದೇ ಅಳತೆಯದಾದ್ದರಿಂದ ಗಿಡ್ಡಗಿರುವವರಿಗೂ ಮಹಿಳೆಯರಲ್ಲಿ ಹಲವರಿಗೂ ಅದು ಹೆಗಲಿಗೆ ಸರಿಯಾಗಿ ಕೂರುವುದಿಲ್ಲ. ಸ್ಪರ್ಧೆಗಳಲ್ಲಿ ತೋಟಾದೊಳಗಿನ ಚರೆಯ (ಸೀಸದ ಸಣ್ಣ ಗುಂಡುಗಳ) ತೂಕ 24 ಗ್ರಾಂ ಮೀರುವಂತಿಲ್ಲ. ಇಲ್ಲಿ ದಾಸ್ತಾನಿನಲ್ಲಿ ಯಾವುದಿದೆಯೋ ಆ ತೋಟಾವನ್ನೇ ಕೊಡುವುದರಿಂದ ಕೆಲವೊಮ್ಮೆ ಅನಗತ್ಯವಾಗಿ ಜೋರಾದ ಒದೆತ ತಿನ್ನಬೇಕಾಗುತ್ತದೆ. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಬೆಳ್ಳಿ ಗೆದ್ದ ಡಬಲ್ ಟ್ರ್ಯಾಪ್‌ನಂತೆ ಎರಡು ಬಿಲ್ಲೆಗಳನ್ನು ಒಟ್ಟಿಗೆ ಹಾರಿಸಿ ಎಂದು ಕೇಳುವವರು ನಿರಾಶರಾಗುತ್ತಾರೆ.

ನನ್ನ ಗಂಭೀರ ಆಕ್ಷೇಪ ಬೇರೆಯೇ ಇದೆ. ಬಿಲ್ಲೆಗೆ ‘ಕ್ಲೇ’ ಎಂದು ಮಣ್ಣಿನ ಹೆಸರಿದ್ದರೂ ಅದನ್ನು ಸಾಮಾನ್ಯವಾಗಿ ಮಾಡುವುದು ಸುಣ್ಣಕಲ್ಲಿನ ಪುಡಿ ಮತ್ತು ಡಾಂಬರಿನಂಥ ಪಿಚ್‌ನಿಂದ. ಕುರಿಗಳು ಮೇಯುವ ಸೀಮೆಯಲ್ಲಿ ಆ ಚೂರುಗಳನ್ನೂ ಸೀಸದ ಚರೆಯನ್ನೂ ಬಿದ್ದಲ್ಲೇ ಬಿಡುವುದು ಸರಿಯಲ್ಲ. ಚೂರುಗಳನ್ನು ಆಯಿಸಬೇಕು, ಚರೆ ಬೀಳುವ ಜಾಗಕ್ಕೆ ಬೇಲಿಯಾದರೂ ಹಾಕಿಸಬೇಕು.

ಶುಲ್ಕದಲ್ಲಿ ದೊಡ್ಡ ಪಾಲು ತೋಟಾಗಳದ್ದೇ. 25 ಬಿಲ್ಲೆಗಳ ಸುತ್ತಿನಲ್ಲಿ ಯಂತ್ರದಿಂದಲೇ ಒಡೆದು ಬಂದವನ್ನು ಲೆಕ್ಕಕ್ಕೆ ಹಿಡಿಯದೆ ಬೇರೆ ಹಾರಿಸುತ್ತಾರೆ. ಆಷಾಢದ ಗಾಳಿ ಅನುಭವಿಗಳಿಗೆ ಇಷ್ಟವಾಗಬಹುದು. ಹೊಸಬರು ಚಳಿಗಾಲದ ಬೆಳಗಿನ ಹೊತ್ತನ್ನು ಕಾದಿರಿಸಿಕೊಳ್ಳುವುದು ಲೇಸು.